ಕಂಬ ನುಂಗಿದ ಮಾತು

ಬೆಳಗಿನ ಬಿಸಿಲು ಬಕುಳ ಉದ್ಯಾನದ ಹುಲ್ಲಿಗೆ ಇಳಿಯುವ ಹೊತ್ತಿಗೆ ಫಕ್ಕೀರಪ್ಪ ತಳವಾರ ಹುಲ್ಲು ಕತ್ತರಿಸುವ ಯಂತ್ರವನ್ನು ಹೆಗಲಿಗೆ ನೇತುಹಾಕಿಕೊಂಡು, ಹಗ್ಗ ಜಗ್ಗಿ, ಚಾಲೂ ಮಾಡಿದ. ಪೆಟ್ರೋಲಿನ ಹೊಗೆ ಎದ್ದಿತು. ಅಲಗು ಗಿರಗಿರನೆ ತಿರುಗಿತು. ಕತ್ತರಿಸಿದ ಹುಲ್ಲು ಹಾರಿ ಅವನ ಮೊಣಕಾಲಿಗೆ ಮೆತ್ತಿಕೊಂಡಿತು. ರಸ್ತೆಯಾಚೆಯ ಮನೆಯ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ವತ್ಸಲಾಬಾಯಿ ಗುಮಾಸ್ತೆ ಅವರಿಗೆ ಇದೆಲ್ಲ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ಹಾಲಿನವನ ಸೈಕಲ್ಲಿನ ಗಂಟೆ, ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುವ ಸಪ್ಪಳ ಎರಡೂ ಕೇಳುತ್ತಿದ್ದವು. ಕಿವಿ ಕಿತ್ತುಹೋಗುವಂತೆ ಅರಚಬೇಕಾಗಿದ್ದ ಆ ಯಂತ್ರದ ಸದ್ದು ಮಾತ್ರ ಇರಲಿಲ್ಲ.

ಅದು ಸದ್ದುನುಂಗಿ ಕಂಬಗಳ ಕೆಲಸ. ಉದ್ಯಾನದ ಬೇಲಿಯುದ್ದಕ್ಕೂ ಆಳೆತ್ತರದ ಕಂಬಗಳನ್ನು ನೆಟ್ಟಿದ್ದರು. ಪ್ರತಿ ಕಂಬದ ತಲೆಯಲ್ಲಿ ಒಂದು ಯಂತ್ರಗಿವಿ, ಅದರ ಕೆಳಗೆ ಒಂದು ಯಂತ್ರಬಾಯಿ. ಕಿವಿಯು ಒಳಗಿನ ಸದ್ದನ್ನು ಕೇಳಿಸಿಕೊಂಡು, ಮರುಕ್ಷಣ ಅದರ ಅಲೆ ಹೇಗೆ ಏಳಲಿದೆ ಎಂದು ಊಹಿಸುತ್ತದೆ. ಬಾಯಿಯು ಅದಕ್ಕೆ ಸರಿಯಾಗಿ ತಿರುವುಮುರುವಾದ ಅಲೆಯೊಂದನ್ನು, ಎಂದರೆ ಎದುರಲೆಯನ್ನು, ಹೊರಬಿಡುತ್ತದೆ. ಏರಿಗೆ ಇಳಿತ ಸಿಕ್ಕು, ಇಳಿತಕ್ಕೆ ಏರು ಸಿಕ್ಕು, ಬೇಲಿಯಾಚೆ ಎರಡೂ ಇಲ್ಲವಾಗುತ್ತವೆ. ಇದನ್ನು ರೂಪಿಸಿದ ಧ್ವನಿವಿಜ್ಞಾನಿ ಡಾ. ಶಬಾನಾ ನದಾಫ ಅವರು ಧಾರವಾಡದವರೇ. ಚಿಕ್ಕಂದಿನಲ್ಲಿ ಇದೇ ವತ್ಸಲಾಬಾಯಿಯವರ ಕೈಯಲ್ಲಿ ಗಣಿತ ಕಲಿತವರು.

ಕಂಬ ಬಂದದ್ದೂ ವತ್ಸಲಾಬಾಯಿಯವರ ಹಟದಿಂದಲೇ. ಆ ಕಾಲಕ್ಕೆ ಧಾರವಾಡಕ್ಕೆ ಉದ್ಯಾನದ ಹುಚ್ಚು ಹಿಡಿದಿತ್ತು. ಬಡಾವಣೆಗೊಂದು ಉದ್ಯಾನ, ಉದ್ಯಾನಕ್ಕೊಬ್ಬ ಗುತ್ತಿಗೆದಾರ, ಅವನ ಬಳಿ ಹುಲ್ಲು ಕತ್ತರಿಸಲು, ಎಲೆ ಊದಲು, ಬೇಲಿ ಸವರಲು ಬಗೆಬಗೆಯ ಪೆಟ್ರೋಲ್ ಯಂತ್ರಗಳು. ಬೆಳಗಾದರೆ ಊರೆಲ್ಲ ಗುಂಯ್ ಅನ್ನುತ್ತಿತ್ತು. ವಾರ್ಡ್ ಸಭೆಯಲ್ಲಿ ವತ್ಸಲಾಬಾಯಿ ಎದ್ದು ನಿಂತು, "ಈ ಸದ್ದಿನಾಗ ದೇವರ ಮುಂದ ಗಂಟಿ ಬಾರಿಸಿದ್ರ ದೇವರಿಗೂ ಕೇಳಸೂದಿಲ್ರಿ" ಎಂದಿದ್ದರು. ಬ್ಯಾಟರಿ ಯಂತ್ರಕ್ಕೆ ಮಳೆಗಾಲದ ಹುಲ್ಲು ಬಗ್ಗುವುದಿಲ್ಲ ಎಂದು ಗುತ್ತಿಗೆದಾರರು ಪಟ್ಟು ಹಿಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡ ನಗರಪಾಲಿಕೆ ಒಂದು ನಿಯಮ ಮಾಡಿತು: ಸದ್ದುನುಂಗಿ ಕಂಬಗಳಿರುವ ಕಡೆ ಮಾತ್ರ ಪೆಟ್ರೋಲ್ ಯಂತ್ರ ಓಡಿಸಬೇಕು, ಬೇರೆ ಕಡೆ ಓಡಿಸಿದರೆ ದಂಡ.

ಕಂಬ ನೆಟ್ಟ ಮೊದಲ ದಿನ ಫಕ್ಕೀರಪ್ಪ ಯಂತ್ರ ಆರಿಸಿ, ಶಬಾನಾ ಅವರ ಬಳಿ ಬಂದು ಸಂಕೋಚದಿಂದಲೇ ಹೇಳಿದ್ದ.

"ಮೇಡಂ ಅವರ, ನಿಮ್ಮ ಕಂಬ ಕೆಟ್ಟಾವ್ರಿ. ಸದ್ದು ಹೆಂಗಿತ್ತೋ ಹಂಗ ಐತಿ."

"ಕೆಟ್ಟಿಲ್ಲಣ್ಣಾ. ಪಂಚಮಿಗೆ ಜೋಕಾಲಿ ಕಟ್ಟತಾರಲ್ಲ, ಈ ಕಡಿಂದ ಒಬ್ಬ ನೂಕಿದಾಗ ಆ ಕಡಿಂದ ಇನ್ನೊಬ್ಬ ಅಷ್ಟ ಜೋರಲೆ ಎದುರು ನೂಕಿದ್ರ ಏನಾಗತೈತಿ?"

"ಜೋಕಾಲಿ ನಿಂತಬಿಡತೈತ್ರಿ."

"ಕಂಬ ಮಾಡೂದು ಅಷ್ಟ. ಆದರ ಅದು ನಿಂದ್ರೂದು ಬೇಲಿ ಆಚಿಗೆ. ಒಳಗ ಇದ್ದವರಿಗೆ ಸದ್ದು ಹೋಗೂದಿಲ್ಲ."

"ಅಂದ್ರ ದುಡಿಯಾವರಿಗೆ ಸದ್ದು, ಕುಂತವರಿಗೆ ಶಾಂತಿ," ಎಂದು ಫಕ್ಕೀರಪ್ಪ ತಲೆಯಾಡಿಸಿದ. "ಇದೇನ ಹೊಸಾದಲ್ಲ ಬಿಡ್ರಿ."

ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅಪರೂಪ. ಫಕ್ಕೀರಪ್ಪನಿಗೆ ಮಾತು ಬಾರದೆಂದಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಾತು ಬಾಯಿಗೆ ಬರುವಷ್ಟರಲ್ಲಿ ಆರಿಹೋಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನವ್ವ ಚಿಕ್ಕಂದಿನಲ್ಲೇ ಕಲಿಸಿದ್ದಳು. ಪುಣ್ಯಾತ್ಮ ಮುತ್ತುಗಳನ್ನು ಹಾಗೆಯೇ ಗಂಟುಕಟ್ಟಿ ಇಟ್ಟುಕೊಂಡು ಕೂತ. ಅದರಿಂದ ಅವನ ಬಾಳುವೆ ಕೆಟ್ಟಿತು.

ಅವನ ಹೆಂಡತಿ ನೀಲವ್ವ. ಮದುವೆಯಾಗಿ ಬಹಳ ದಿನಕ್ಕೆ ಒಂದು ಹೆಣ್ಣುಕೂಸು ಹುಟ್ಟಿ, ಹೆಸರಿಡುವ ಮೊದಲೇ ಹೋಗಿಬಿಟ್ಟಿತು. ಕೂಸನ್ನು ಮಣ್ಣು ಮಾಡಿ ಬಂದ ಫಕ್ಕೀರಪ್ಪ ಹೆಂಡತಿಗೆ ಒಂದು ಮಾತು ಆಡಲಿಲ್ಲ. ಮರುದಿನ ಯಂತ್ರ ಹೊತ್ತುಕೊಂಡು ಕೆಲಸಕ್ಕೆ ಹೋದ. ಅವನು ಏನಾದರೂ ಅಂದಾನು ಎಂದು ನೀಲವ್ವ ಕಾದಳು. ಬೈದರೂ ಸರಿ, ಅತ್ತರೂ ಸರಿ. ಅವನು ಊಟ ಮಾಡಿ, ತಾಟು ತೊಳೆದಿಟ್ಟು, ಮಲಗುತ್ತಿದ್ದ. ಪಂಚಮಿಗೆ ಅವಳ ಅಣ್ಣ ಬಂದು ಕರೆದಾಗ ಅವಳು ತವರಿಗೆ, ಅಣ್ಣಿಗೇರಿಗೆ ಹೋದಳು.

ಹಬ್ಬಕ್ಕೆ ಹೋದ ಹೆಂಡತಿಯನ್ನು ಗಂಡ ಹೋಗಿ ಕರೆತರಬೇಕು, ಅದು ನಮ್ಮ ಕಡೆಯ ರೀತಿ. ಫಕ್ಕೀರಪ್ಪನೂ ಹೋದ. ಅಣ್ಣನ ಹಿಟ್ಟಿನ ಗಿರಣಿಯ ಮುಂದಿನ ಮರದ ಬಾಂಕಿನ ಮೇಲೆ ಕುಳಿತು ಚಹಾ ಕುಡಿದ. ಮಳೆ ಹೇಗಿದೆ ಎಂದು ಕೇಳಿದ. "ಬಸ್ಸಿನ ಹೊತ್ತಾತು" ಎಂದು ಎದ್ದು ನಿಂತ. ನಾನು ಬಂದದ್ದೇ ಕರೆದ ಹಾಗಲ್ಲವೇ, ಹಿಂದೆ ಬರುತ್ತಾಳೆ ಎಂದು ಅವನ ಎಣಿಕೆ. ಬಾಯಿಬಿಟ್ಟು 'ಬಾ' ಅನ್ನದೆ ಯಾವ ಮುಖ ಹೊತ್ತು ಹೋಗಲಿ ಎಂದು ಅವಳ ಎಣಿಕೆ. ಅವನು ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು ಕಾದ. ಅವಳು ಬರಲಿಲ್ಲ. ಅಂದಿನಿಂದ ನಾಲ್ಕು ಪಂಚಮಿ ಬಂದು ಹೋದವು. ಫೋನು ಹಚ್ಚಿದರೂ ಆ ಕಡೆಯಿಂದ ದನಿ ಬಂದ ಕೂಡಲೇ ಇಟ್ಟುಬಿಡುತ್ತಿದ್ದ.

ಮಾತು ಬಿಚ್ಚುತ್ತಿದ್ದದ್ದು ಒಂದೇ ಕಡೆ, ಯಂತ್ರದ ಸದ್ದಿನೊಳಗೆ. ಆ ಗದ್ದಲ ಶುರುವಾಯಿತೆಂದರೆ ನಾಲ್ಕು ಗೋಡೆಯ ಕೋಣೆಯೊಳಗೆ ಚಿಲಕ ಹಾಕಿಕೊಂಡಂತೆ ಅವನಿಗೆ ಧೈರ್ಯ ಬರುತ್ತಿತ್ತು. ತನ್ನ ದನಿ ತನಗೇ ಸರಿಯಾಗಿ ಕೇಳುವುದಿಲ್ಲ, ಇನ್ನು ಬೇರೆಯವರಿಗೆ ಎಲ್ಲಿಂದ ಕೇಳೀತು? ಹುಲ್ಲಿನ ಸಾಲು ಹಿಡಿದು ಹೋಗುತ್ತ, ನೀಲವ್ವ ಎದುರಿಗೇ ಕುಳಿತಿದ್ದಾಳೆ ಎಂಬಂತೆ, ಅವನು ಗಟ್ಟಿ ದನಿಯಲ್ಲಿ ಎಲ್ಲ ಹೇಳುತ್ತಿದ್ದ. ಪ್ರತಿ ಸಾಲಿನ ತುದಿಯಲ್ಲಿ ತಿರುಗುವಾಗ "ನೀಲಾ, ಮನಿಗಿ ಬಾ" ಅನ್ನುತ್ತಿದ್ದ. ಯಂತ್ರ ಆರಿಸುವ ಮೊದಲು ಬಾಯಿ ಆರಿಸುವುದನ್ನು ಮಾತ್ರ ಒಮ್ಮೆಯೂ ಮರೆಯುತ್ತಿರಲಿಲ್ಲ. ಕಂಬ ಬಂದ ಮೇಲಂತೂ ಅವನ ಅಂಜಿಕೆ ಇನ್ನಷ್ಟು ಬಿಟ್ಟಿತು. ಇಷ್ಟು ದೊಡ್ಡ ಸದ್ದನ್ನೇ ನುಂಗುವ ಕಂಬ ತನ್ನ ಮಾತೊಂದನ್ನು ಬಿಟ್ಟೀತೇ?

ಬಿಟ್ಟಿತ್ತು. ಅದು ಅವನಿಗೆ ಬಹಳ ತಡವಾಗಿ ತಿಳಿಯಿತು, ನಾವು ಈಗಲೇ ತಿಳಿದುಕೊಂಡರೆ ನಷ್ಟವಿಲ್ಲ.

ಒಂದು ಬೆಳಿಗ್ಗೆ ಕಂಬಗಳ ತಪಾಸಣೆಗೆ ಬಂದ ಶಬಾನಾ ತಮ್ಮ ಟೀಚರ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ ಉದ್ಯಾನದಿಂದ ಒಬ್ಬ ಗಂಡಸಿನ ದನಿ ತೇಲಿ ಬಂತು.

"ನೀಲಾ, ನಿನ್ನೆ ರೊಟ್ಟಿ ಬಡದ್ನಿ. ನಿನ್ನಂಗ ತೆಳ್ಳಗ ಬರಲಿಲ್ಲ, ನಡಕ ಹರೀತು. ಹರದದ್ದನ್ನ ತಿಂದ್ನಿ. ಮಾದಲಿ ತಿಂದು ಎಷ್ಟು ದಿನಾತು. ಮಾಡಾಕ ಬರೂದಿಲ್ಲ, ಕೇಳಾಕ ನೀ ಇಲ್ಲ."

ಶಬಾನಾ ಬಟ್ಟಲು ಕೆಳಗಿಟ್ಟರು. ಸುತ್ತ ನೋಡಿದರು. ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರರು ಪೇಪರು ಬಿಚ್ಚಿಕೊಂಡಿದ್ದರು, ಓದುತ್ತಿರಲಿಲ್ಲ. ಆಚೆ ಮನೆಯವಳು ಹೊಸಿಲಿಗೆ ರಂಗೋಲಿ ಹಾಕಿ ಮುಗಿದರೂ ಹಿಟ್ಟಿನ ಬಟ್ಟಲು ಹಿಡಿದು ಕುಳಿತೇ ಇದ್ದಳು.

"ಟೀಚರ್, ಇದು ಫಕ್ಕೀರಪ್ಪಣ್ಣನ ದನಿ ಅಲ್ರಿ?"

"ಶ್, ಕೇಳು," ಎಂದರು ವತ್ಸಲಾಬಾಯಿ.

"ಇದು ಕಂಬದ ಕೊರತಿ," ಎಂದರು ಶಬಾನಾ. "ಮಷೀನು ನಿನ್ನೆ ಅಂದದ್ದನ್ನ ಇವತ್ತೂ ಅಂತದ, ಅದಕ್ಕ ಕಂಬ ಅದನ್ನ ಕಲತು ನುಂಗತದ. ಮನುಷ್ಯಾ ಮುಂದ ಏನಂತಾನ ಅಂತ ಯಾವ ಕಂಬಕ್ಕೂ ಗೊತ್ತಾಗೂದಿಲ್ಲ, ಹಿಂಗಾಗಿ ಮಾತು ಪಾರಾಗಿ ಹೊರಗ ಬರತದ. ನಾ ಮನಸ್ಸು ಮಾಡಿದ್ರ ಅದನ್ನೂ ತಡೀಬಹುದು."

"ಮುಟ್ಟಬ್ಯಾಡ."

"ಟೀಚರ್, ಅವಂಗ ಗೊತ್ತಿಲ್ದ ಕೇಳೂದು ತಪ್ಪಲ್ಲೇನ್ರಿ?"

"ತಪ್ಪ ಅದ," ಎಂದರು ವತ್ಸಲಾಬಾಯಿ. "ಆದರ ಏನ್ ಹೇಳಲೆವಾ. ನಮ್ಮವರು ಇದ್ದಷ್ಟು ದಿನ ನನ್ನ ಜೋಡಿ ಆಡಿದ ಮಾತಂದ್ರ 'ಚಹಾ ಆತೇನು', 'ಬಾಗಲಾ ಹಾಕಿದೇನು'. ಒಬ್ಬ ಗಂಡಸು ಹೆಂಡತಿಗೆ ಹಿಂಗೂ ಮಾತಾಡ್ತಾನ ಅಂತ ನನಗ ಗೊತ್ತ ಇರಲಿಲ್ಲ. ಒಂದು ಸಿಟ್ಟದ ಅವನ ಮ್ಯಾಲ. ಇಷ್ಟೆಲ್ಲಾ ಹೇಳ್ತಾನ, 'ಬಾ' ಅಂತ ಒಂದಿನಾನೂ ಅನ್ನೂದಿಲ್ಲ."

ಬಡಾವಣೆಯವರು ಯಾರೂ ಯಾರಿಗೂ ಹೇಳಿಕೊಳ್ಳದೆ ಒಂದು ಒಪ್ಪಂದಕ್ಕೆ ಬಂದಿದ್ದರು: ಅವನಿಗೆ ಹೇಳಬಾರದು, ಹೇಳಿದರೆ ನಿಲ್ಲಿಸಿಬಿಡುತ್ತಾನೆ. ಆದರೆ ಕೇಳಿದ ಮಾತು ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಮರುದಿನ ವತ್ಸಲಾಬಾಯಿ ಫಕ್ಕೀರಪ್ಪನ ಕೈಗೆ ಒಂದು ಡಬ್ಬಿ ಕೊಟ್ಟರು. ಅವನು ಮರದಡಿ ಕುಳಿತು ತೆರೆದು ನೋಡಿದರೆ ಗೋಧಿ-ಬೆಲ್ಲದ ಮಾದಲಿ, ಮೇಲೆ ತುಪ್ಪ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಅವನು ಬೆರಗಾಗುತ್ತ ತಿಂದ. ಅದಾದ ವಾರಕ್ಕೆ ಪೋಸ್ಟ್ ಮಾಸ್ಟರರು ಬೇಲಿಯಾಚೆಯಿಂದ, "ಅಣ್ಣಿಗೇರಿ ಬಸ್ಸು ಈಗ ಹೊಸ ಸ್ಟ್ಯಾಂಡಿನಿಂದ ಬಿಡ್ತಾವಪಾ" ಎಂದು ಯಾರಿಗೋ ಹೇಳಿದಂತೆ ಹೇಳಿ ನಡೆದುಬಿಟ್ಟರು. ಫಕ್ಕೀರಪ್ಪ ಅವರು ಹೋದ ದಾರಿಯನ್ನೇ ನೋಡಿದ. ಅಣ್ಣಿಗೇರಿಯ ಹೆಸರನ್ನು ಅವನು ಈ ಊರಲ್ಲಿ ಒಂದು ನರಪಿಳ್ಳೆಯ ಮುಂದೂ ಎತ್ತಿರಲಿಲ್ಲ. ಯಂತ್ರದ ಮುಂದೆ ಹೊರತು.

ಅವನು ಶಬಾನಾ ಅವರನ್ನೇ ಕೇಳಿದ. "ಮೇಡಂ ಅವರ, ಖರೇ ಹೇಳ್ರಿ. ನಾ ಒಳಗ ಅಂದದ್ದು ಹೊರಗ ಬರತೈತೇನ್ರಿ?"

ಆ ಹೆಣ್ಣುಮಗಳಿಗೆ ಸುಳ್ಳು ಹೇಳಲಾಗಲಿಲ್ಲ, ನಿಜ ಹೇಳಲೂ ಬಾಯಿ ಬರಲಿಲ್ಲ. "ಆ ಯಂತ್ರ ಕೊಡ್ರಿ. ನೀವು ಹೋಗಿ ಆ ಕಟ್ಟಿ ಮ್ಯಾಲ ನಿಂದ್ರಿ," ಎಂದರು.

ಫಕ್ಕೀರಪ್ಪ ರಸ್ತೆ ದಾಟಿ ಹೋಗಿ ನಿಂತ. ವರ್ಷಾನುಗಟ್ಟಲೆ ಆ ಯಂತ್ರ ಹೊತ್ತವನು, ಅದು ಓಡುವಾಗ ಬೇಲಿಯ ಹೊರಗೆ ನಿಂತದ್ದು ಅದೇ ಮೊದಲು. ಶಬಾನಾ ಹಗ್ಗ ಜಗ್ಗಿದರು. ಹೊಗೆ ಎದ್ದಿತು, ಅಲಗು ತಿರುಗಿತು, ಸದ್ದು ಬರಲಿಲ್ಲ. ಆ ಮೌನದ ನಡುವಿನಿಂದ, ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ, ಅವರ ದನಿ ಬಂತು: "ಫಕ್ಕೀರಪ್ಪಣ್ಣಾ, ನನ್ನ ಮಾತು ಕೇಳಸ್ತೈತೇನ್ರಿ?"

ಅವನು ತಿರುಗಿ ನೋಡಿದರೆ ಹಿಂದೆ ವತ್ಸಲಾಬಾಯಿ, ಪೋಸ್ಟ್ ಮಾಸ್ಟರರು, ರಂಗೋಲಿಯ ಹೆಂಗಸು. ಯಾರೂ ತಲೆ ಎತ್ತಲಿಲ್ಲ. ಅವನ ರೊಟ್ಟಿ, ಅವನ ಅಟ್ಟದ ಮೇಲಿನ ತೊಟ್ಟಿಲು, ಅವನ ಕೂಸು ಎಲ್ಲವೂ ಈ ಜನರ ಕಿವಿಯಲ್ಲಿದ್ದವು. ನಡುಬೀದಿಯಲ್ಲಿ ಅರಿವೆ ಕಳಚಿದಂತಾಯಿತು ಅವನಿಗೆ. ಚಪ್ಪಲಿ ಮೆಟ್ಟುವುದನ್ನೂ ಮರೆತು ನಡೆದುಬಿಟ್ಟ.

ಹೊಟ್ಟೆಪಾಡು ಬಿಡುವುದಿಲ್ಲ, ಕೆಲಸಕ್ಕೆ ಮರಳಿ ಬಂದ. ಆದರೆ ಬಾಯಿಗೆ ಬೀಗ. ಯಂತ್ರ ಓಡುತ್ತಿತ್ತು, ಹುಲ್ಲು ಬೀಳುತ್ತಿತ್ತು, ಬಡಾವಣೆಯವರು ಬೇಡಿಕೊಂಡಿದ್ದ ಶಾಂತಿ ಈಗ ನಿಜವಾಗಿಯೂ ಸಿಕ್ಕಿತ್ತು. ಅದು ಯಾರಿಗೂ ಬೇಡವಾಗಿತ್ತು. ವತ್ಸಲಾಬಾಯಿ ಕಟ್ಟೆಯ ಮೇಲೆ ಕುಳಿತು ಕಿವಿಗೊಟ್ಟು ಕಿವಿಗೊಟ್ಟು ಸಾಕಾಗಿ ಒಳಗೆ ಹೋಗುತ್ತಿದ್ದರು. ಕಡೆಗೊಂದು ದಿನ ತಡೆಯಲಾರದೆ, ಅವನು ಮರದಡಿ ಬುತ್ತಿ ಬಿಚ್ಚಿದಾಗ ಹೋಗಿ ಎದುರಿಗೆ ನಿಂತರು.

"ಫಕ್ಕೀರಪ್ಪಾ, ನಮ್ಮದು ತಪ್ಪಾತಪಾ. ಕದ್ದು ಕೇಳಿದ್ವಿ."

ಅವನು ರೊಟ್ಟಿ ಮುರಿಯುತ್ತಿದ್ದ. ಶಿಕ್ಷಕಿಯ ಬುದ್ಧಿ, ತಪ್ಪು ಒಪ್ಪಿಕೊಂಡ ಮೇಲೂ ಎದುರಿನವನ ತಪ್ಪು ತಿದ್ದದೆ ಬಿಡಲಾರದು. "ಆದರ ನಿನಗೂ ಒಂದ ಮಾತು ಹೇಳ್ತೀನಿ. ಅಕೀಗೆ ಎಲ್ಲಾ ಹೇಳಿದಿ. ಬರೇ 'ಬಾ' ಅನ್ನಲಿಲ್ಲ ನೀನು. ಕರೀಲಾರದ ಹೆಂಗ ಬರ್ತಾಳೋ ಅಕಿ?"

ಫಕ್ಕೀರಪ್ಪ ತಲೆ ಎತ್ತಿದ. "ಅನ್ನಲಿಲ್ಲೇನ್ರಿ ಬಾಯಾರ? ದಿನಾ ಅಂತಿದ್ನಿ. ಸಾಲಿನ ತುದಿಗೊಮ್ಮೆ ಅಂತಿದ್ನಿ."

"ಇಲ್ಲಪಾ. ನಾ ಒಂದಿನಾನೂ ಕೇಳಿಲ್ಲ. ಯಾರೂ ಕೇಳಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಫಕ್ಕೀರಪ್ಪನ ಕೈಯಲ್ಲಿನ ರೊಟ್ಟಿ ಹಾಗೇ ಉಳಿಯಿತು.

ವತ್ಸಲಾಬಾಯಿ ಹೇಳಿಕಳಿಸಿದ ಮೇಲೆ ಶಬಾನಾ ಬಂದು ಕಂಬದ ಕಪಾಟು ತೆರೆದು, ಅದರ ಕಲಿಕೆಯನ್ನು ಬಗೆದು ನೋಡಿದರು. ಕಂಬ ತಾನು ಕಲಿತ ಎದುರಲೆಗಳನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಸದ್ದಿನ ಜೊತೆ ಸೇರಿದಾಗ ಎದುರಲೆ ಮೌನವಾಗುತ್ತದೆ, ಅದೊಂದನ್ನೇ ನುಡಿಸಿದರೆ ಮೂಲ ಸದ್ದಿನಂತೆಯೇ ಕೇಳುತ್ತದೆ. ಅವರು ಒಂದೊಂದನ್ನೇ ನುಡಿಸುತ್ತ ಹೋದರು. ಯಂತ್ರದ ಗುಂಯ್‌ಕಾರ, ಅಲಗು ಕಲ್ಲಿಗೆ ತಾಗುವ ಖಣಿಲು. ಆಮೇಲೆ, ಮೂವರೂ ನಿಂತು ಕೇಳುತ್ತಿದ್ದಂತೆ, ಒಂದು ದನಿ: "ನೀಲಾ, ಮನಿಗಿ ಬಾ."

ಶಬಾನಾ ಕಪಾಟು ಮುಚ್ಚಲಿಲ್ಲ. ಅವರ ದನಿ ಸಣ್ಣಗಾಗಿತ್ತು. "ನಾ ಹೇಳಿದ್ನಿ, ಮತ್ತ ಮತ್ತ ಬರೂ ಸದ್ದನ್ನ ಕಂಬ ಕಲೀತೈತಿ ಅಂತ. ನೀವು ಉಳಿದ ಮಾತೆಲ್ಲಾ ದಿನಕ್ಕೊಂದ ಥರಾ ಆಡಿದ್ರಿ, ಅವು ಪಾರಾದವು. ಈ ಮಾತು ಮಾತ್ರ ಅದ ಜಾಗಾದಾಗ, ಅದ ರಾಗದಾಗ, ದಿನಾ ಅಂದ್ರಿ. ಕಂಬಕ್ಕ ಇದೂ ಮಷೀನಿನ ಸದ್ದ ಅಂತ ಅನಿಸ್ತು ಅಣ್ಣಾ. ನುಂಗಿಬಿಡ್ತು."

ಫಕ್ಕೀರಪ್ಪ ಕಂಬವನ್ನು ನೋಡುತ್ತ ನಿಂತ. ತನ್ನ ದನಿಯನ್ನು ಅವನು ಹೊರಗಿನಿಂದ ಕೇಳಿದ್ದೂ ಅದೇ ಮೊದಲು. ಅದರಲ್ಲಿ ಎಂಥ ಆಸೆಯಿತ್ತೆಂದರೆ, ಬೇರೆ ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಅನಿಸಿ ಅವನ ಕಣ್ಣು ತುಂಬಿತು.

"ಎಷ್ಟ ಸಲ ಅಂದಿದ್ನೋ," ಎಂದ. "ಎಲ್ಲಾ ಇದರ ಹೊಟ್ಟ್ಯಾಗ ಹೋತು."

ಶಬಾನಾ ಆ ವಾರವೇ ನಗರಪಾಲಿಕೆಗೆ ತಮ್ಮ ಕೈಯಾರೆ ವರದಿ ಕೊಟ್ಟರು: ಮನುಷ್ಯನ ಮಾತನ್ನು ಯಂತ್ರದ ಸದ್ದೆಂದು ತಿಳಿಯುವ ಕಂಬ ಊರಲ್ಲಿರಬಾರದು, ಇಂದು ಒಬ್ಬನ ಕರೆ ನುಂಗಿದ್ದು ನಾಳೆ 'ಬೆಂಕಿ' ಎಂದು ಕೂಗಿದವನ ದನಿ ನುಂಗೀತು. ಕಂಬಗಳನ್ನು ಆರಿಸಿದರು. ಕಂಬವಿಲ್ಲದ ಮೇಲೆ ನಿಯಮದ ಪ್ರಕಾರ ಪೆಟ್ರೋಲ್ ಯಂತ್ರವೂ ಇಲ್ಲ. ಗುತ್ತಿಗೆದಾರ ಗೊಣಗುತ್ತಲೇ ಬ್ಯಾಟರಿ ಯಂತ್ರ ತಂದುಕೊಟ್ಟ. ಅದು ಜೇನುಹುಳದಷ್ಟು ಮೆಲ್ಲಗೆ ಗುಂಯ್‌ಗುಡುತ್ತಿತ್ತು, ಒಳಗೂ ಅಷ್ಟೇ, ಹೊರಗೂ ಅಷ್ಟೇ.

ಈಗ ಫಕ್ಕೀರಪ್ಪನಿಗೆ ಚಿಲಕ ಹಾಕಿಕೊಳ್ಳಲು ಕೋಣೆಯೇ ಉಳಿಯಲಿಲ್ಲ. ಒಂದೆರಡು ಸಲ ಸಾಲಿನ ತುದಿಯಲ್ಲಿ ತಿರುಗುವಾಗ ಅಭ್ಯಾಸಬಲದಿಂದ ಬಾಯಿ ತೆರೆಯಿತು. ವಾಕಿಂಗ್ ಬಂದವರು ಯಾರೋ ನೋಡಿದರು, ಬಾಯಿ ಮುಚ್ಚಿತು. ಮನೆಗೆ ಹೋದರೆ ಗೋಡೆಗಳು, ಅಟ್ಟದ ಮೇಲೆ ತೊಟ್ಟಿಲು. ಮೊದಲು ದಿನಾ ಒಂದಿಷ್ಟು ಹೊರಗೆ ಚೆಲ್ಲಿ ಹಗುರಾಗುತ್ತಿದ್ದವನಿಗೆ ಈಗ ಎಲ್ಲ ಎದೆಯಲ್ಲೇ ತುಂಬತೊಡಗಿತು. ನೀಲವ್ವನನ್ನು ನೋಡಬೇಕು ಎಂಬ ಆಸೆ ಹಸಿವಿನಂತೆ ಹೊಟ್ಟೆಯಲ್ಲಿ ಸುಡುತ್ತಿತ್ತು. ಕಂಬ ನುಂಗಿದ ಮಾತು ಅವಳಿಗೂ ಮುಟ್ಟಲಿಲ್ಲ, ಯಾರಿಗೂ ಮುಟ್ಟಲಿಲ್ಲ ಎಂಬ ಸಂಗತಿ ಕೂತರೂ ನಿಂತರೂ ಚುಚ್ಚುತ್ತಿತ್ತು. ಒಂದು ಸೋಮವಾರ ಯಂತ್ರವನ್ನು ಶೆಡ್ಡಿನಲ್ಲಿಟ್ಟು, ಕೈಕಾಲು ತೊಳೆದುಕೊಂಡು, ಹೊಸ ಸ್ಟ್ಯಾಂಡಿಗೆ ನಡೆದ. ವತ್ಸಲಾಬಾಯಿ ಕಟ್ಟೆಯಿಂದ ಅವನ ಒಗೆದ ಅಂಗಿ ನೋಡಿದರು. ಎಲ್ಲಿಗೆ ಎಂದು ಕೇಳಲಿಲ್ಲ.

ಅಣ್ಣಿಗೇರಿಗೆ ಇನ್ನೂ ಸದ್ದಿನ ಕಾಯಿದೆ ಬಂದಿರಲಿಲ್ಲ, ಕಂಬಗಳೂ ಬಂದಿರಲಿಲ್ಲ. ಗಿರಣಿಯ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ಸಂತೆಯ ಮರುದಿನವಾದ್ದರಿಂದ ಹೆಂಗಸರು ಡಬ್ಬಿ ಬುಟ್ಟಿ ಸಾಲಾಗಿಟ್ಟುಕೊಂಡು ನಿಂತಿದ್ದರು. ನೀಲವ್ವ ಗಿರಣಿಯ ಮುಂದೆ ನಿಂತಿದ್ದಳು. ತಲೆಗೆ ಸೆರಗು, ರೆಪ್ಪೆಯ ಮೇಲೆಲ್ಲ ಹಿಟ್ಟು. ಒಬ್ಬ ಮುದುಕಿ ತುಟಿ ಆಡಿಸಿದಳು, ದನಿಯೇ ಇಲ್ಲ. ನೀಲವ್ವ ತಲೆದೂಗಿ, ಅವಳ ಜೋಳವನ್ನು ಸಣ್ಣಗೆ ಬೀಳುವಂತೆ ಗಿರಣಿ ತಿರುವಿದಳು. ಇನ್ನೊಬ್ಬಳು ತುಟಿ ಆಡಿಸಿದಳು. ನೀಲವ್ವ ನಕ್ಕಳು. ಫಕ್ಕೀರಪ್ಪ ಇದನ್ನೆಲ್ಲ ನೋಡಿದ. ಆದರೆ ಅವನ ಮನಸ್ಸು ಅವಳ ನಗೆಯಲ್ಲೇ ನಿಂತುಬಿಟ್ಟಿದ್ದರಿಂದ ಅದರ ಅರ್ಥ ಹೊಳೆಯಲಿಲ್ಲ.

ಅವಳು ಅವನನ್ನು ಕಂಡಳು. ನಗೆ ಹೋಯಿತು. ಬಾಂಕಿನ ಕಡೆ ಕಣ್ಣಲ್ಲೇ ತೋರಿಸಿ ಮತ್ತೆ ಕೆಲಸಕ್ಕೆ ತಿರುಗಿದಳು.

ಫಕ್ಕೀರಪ್ಪ ಕೂರಲಿಲ್ಲ. ಹೆಂಗಸರ ಸಾಲು ದ್ವಾರದಾಚೆಗಿತ್ತು, ಗಿರಣಿಯ ಗದ್ದಲ ಅವನ ಹಳೆಯ ಯಂತ್ರದ ಗದ್ದಲಕ್ಕಿಂತ ದೊಡ್ಡದಾಗಿತ್ತು. ಕಳೆದುಹೋದ ಕೋಣೆ ಮರಳಿ ಸಿಕ್ಕಂತಾಯಿತು. ಅವನು ಅವಳಿಂದ ನಾಲ್ಕು ಮಾರು ಆಚೆ, ಬಾಗಿಲ ಬಳಿ ನಿಂತು, ಅವಳ ಕಡೆ ಮುಖ ಮಾಡಿ ಮಾತಾಡತೊಡಗಿದ. ಅವಳಿಗೆ ಕೇಳುವುದಿಲ್ಲ ಎಂದೇ ಅವನ ಧೈರ್ಯ.

"ನೀಲಾ, ಕೂಸಿನ ಕಿವಿ ನಿನ್ನಂಗ ಇದ್ದವು. ಮಣ್ಣ ಮಾಡೂಮುಂದ ನೋಡಿದ್ನಿ. ನಿನಗ ಹೇಳಬೇಕಂತ ಬಂದ್ನಿ, ನಿನ್ನ ಮುಖಾ ನೋಡಿ ಆಗಲಿಲ್ಲ. ತೊಟ್ಟಿಲಾ ಇನ್ನೂ ಇಳಿಸಿಲ್ಲ. ಕೂಸಿಗೊಂದು ಹೆಸರಿಟ್ಟೀನಿ, ಮನಸ್ಸಿನಾಗ. ನಿನಗ ಹೇಳಲಾರದ ಇಟ್ಟೀನಿ, ಸಿಟ್ಟಾಗಬ್ಯಾಡ. ಆವತ್ತ ಇಲ್ಲಿ ಬಂದು ಚಾ ಕುಡದು ಹೋದ್ನಲ್ಲ, ನಿಲ್ದಾಣದಾಗ ನಿನ್ನ ದಾರಿ ನೋಡಕೋತ ನಿಂತಿದ್ನಿ."

ನೀಲವ್ವನ ಕೈ ನಿಂತಿತ್ತು. ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು. ನಾಲ್ಕು ವರ್ಷ ಗಿರಣಿಯ ಸದ್ದಿನಲ್ಲಿ ಬದುಕಿದವಳಿಗೆ ಮಾತು ತಿಳಿಯಲು ಕಿವಿ ಬೇಕಿರಲಿಲ್ಲ. ಆ ದಿನ ಬೀಸುತ್ತಿದ್ದದ್ದು ಜೋಳ, ಮೆಣಸಿನಕಾಯಿ ಅಲ್ಲ. ಹಾಗಾಗಿ ಅವಳ ಕಣ್ಣಿನ ನೀರಿಗೆ ನೆಪವೂ ಇರಲಿಲ್ಲ. ಅವಳ ತುಟಿಗಳು ಏನನ್ನೋ ಅಂದವು. ಅವನಿಗೆ ತಿಳಿಯಲಿಲ್ಲ. ತನಗೆ ಕೇಳುತ್ತಿಲ್ಲವಾದರೆ ಅವಳಿಗೂ ಕೇಳುತ್ತಿಲ್ಲ ಎಂದುಕೊಂಡು ಅವನು ಮುಂದುವರಿಸಿದ.

ನೀಲವ್ವ ಕೈ ಚಾಚಿ ಗುಂಡಿ ಒತ್ತಿಬಿಟ್ಟಳು.

ಗಿರಣಿ ಒಮ್ಮೆಲೇ ನಿಲ್ಲುವುದಿಲ್ಲ, ಸದ್ದು ಮೆಲ್ಲಮೆಲ್ಲನೆ ಇಳಿಯುತ್ತದೆ. ಯಾವಾಗಲೂ ಯಂತ್ರದ ಮೊದಲು ಬಾಯಿ ಆರಿಸುತ್ತಿದ್ದವನು ಅಂದು ಮರೆತ. ಗುಂಡಿ ಇನ್ನೊಬ್ಬರ ಕೈಯಲ್ಲಿತ್ತು. ಗದ್ದಲ ಇಳಿದಂತೆಲ್ಲ ಅವನ ದನಿ ಬರಿದಾಗುತ್ತ ಬಂತು. "...ರೊಟ್ಟಿ ಹರೀತಾವ, ನಿದ್ದಿ ಹತ್ತೂದಿಲ್ಲ, ನಿನ್ನ ಬಿಟ್ಟು ನಾ ಏನ..." ಎಂಬಲ್ಲಿಗೆ ಗಿರಣಿ ಪೂರ್ತಿ ನಿಂತಿತು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಓಣಿಯಲ್ಲಿ ಒಂದು ಕೋಳಿ ಕೆದರುವ ಸಪ್ಪಳವೂ ಕೇಳುತ್ತಿತ್ತು.

ಫಕ್ಕೀರಪ್ಪನ ಬಾಯಿ ತೆರೆದೇ ಇತ್ತು. ಮುಚ್ಚಿ, ಓಡಿ ಹೋಗಬಹುದಿತ್ತು. ಬಸ್ಸಿನ ಹೊತ್ತೂ ಆಗಿತ್ತು.

"ಎಲ್ಲಾ ತಿಳೀತು," ಎಂದಳು ನೀಲವ್ವ. "ಆವತ್ತ ನಾ ಅರಿವಿ ಗಂಟ ಕಟ್ಟಿ ಬಾಗಲ ಹಿಂದ ಇಟ್ಟಿದ್ನಿ. ನೀ ಒಂದ ಮಾತ ಅಂದಿದ್ರ ಸಾಕಿತ್ತು. ಸದ್ದಿನಾಗ ಬ್ಯಾಡ. ಈಗ ಅನ್ನು."

ಸಾವಿರ ಸಲ ಆಡಿದ ಮಾತು. ಆದರೆ ಆ ರಾಗ ಕಂಬದ ಹೊಟ್ಟೆಯಲ್ಲಿತ್ತು, ಇದನ್ನು ಹೊಸದಾಗಿ ಹುಡುಕಬೇಕಿತ್ತು. ಅವನು ನೆಲ ನೋಡಿದ, ಹೆಂಗಸರನ್ನು ನೋಡಿದ, ಕೊನೆಗೆ ಅವಳ ಹಿಟ್ಟು ಮೆತ್ತಿದ ಮುಖ ನೋಡಿದ. ದನಿ ಒಡೆದು, ಅರ್ಧ ಉಸಿರಾಗಿ ಬಂತು.

"ಮನಿಗಿ ಬಾ, ನೀಲಾ."

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಸಾಲಿನ ಮೊದಲ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು.

"ಕುಂದ್ರು. ಇಷ್ಟ ಮಂದೀದು ಬೀಸಿ ಬರತೇನಿ."

ಗಿರಣಿ ಮತ್ತೆ ಎದ್ದಿತು. ಫಕ್ಕೀರಪ್ಪ ಬಾಂಕಿನ ಮೇಲೆ ಕುಳಿತ. ಜೋಳ ಸುರಿಯುತ್ತ ನೀಲವ್ವ ಅವನ ಕಡೆ ತಿರುಗಿ ಏನೋ ಹೇಳಿದಳು, ಉದ್ದಕ್ಕೆ, ಬಹಳ ಹೊತ್ತು, ನಾಲ್ಕು ವರ್ಷದ್ದೆಲ್ಲ ಸೇರಿಸಿ ಹೇಳಿದಂತೆ. ಅವನಿಗೆ ಒಂದಕ್ಷರವೂ ಕೇಳಲಿಲ್ಲ. ಅವನು ಮುಂದಕ್ಕೆ ಬಾಗಿ, ಅವಳ ತುಟಿಗಳನ್ನು ನೋಡುತ್ತ, ಕಲಿಯಲು ಕುಳಿತ.